ಸ್ಲೈಡ್ ಎಐ ಮಾಡಲಿ, ಲೆಕ್ಕ ನಮ್ಮದಿರಲಿ

"ಒಂದು ಟನ್ ಕಬ್ಬಿಗೆ ಎಷ್ಟು ಕಿಲೊ ಬೆಲ್ಲ ಬರುತ್ತೆ ಅಂತ ಹಾಕಿದ್ದೀರಿ?"

ಬ್ಯಾಂಕ್ ಮ್ಯಾನೇಜರ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನಾನು ಫೋನಿನಲ್ಲಿ ಸ್ಲೈಡ್‌ಗಳನ್ನು ಹಿಂದೆ ಮುಂದೆ ಸರಿಸಿದೆ. ಒಟ್ಟು 16 ಸ್ಲೈಡ್. ಒಂದಕ್ಕಿಂತ ಒಂದು ಚೆಂದ. ಏಳನೆಯದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಉತ್ತರ ಸಿಕ್ಕಿತು. "150 ಕಿಲೊ ಸಾರ್" ಅಂದೆ.

ಅವರು ನಕ್ಕರು. "ನಮ್ಮ ಮಾವನ ಮನೇಲೂ ಆಲೆಮನೆ ಇತ್ತು ಕಣ್ರೀ. 150 ಕಿಲೊ ಬರೋ ಕಬ್ಬು ಯಾವ ತಳಿ ಅಂತ ನನಗೂ ಹೇಳಿ, ನಾನೂ ಹಾಕ್ತೀನಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಆ 150 ನನ್ನದಲ್ಲ. ಎಐ ಹಾಕಿದ್ದು. ನಾನು ಓದಿಯೂ ನೋಡಿರಲಿಲ್ಲ. ಮಂಡ್ಯ ಸೀಮೆಯಲ್ಲಿ ಹುಟ್ಟಿ, ಆಲೆಮನೆಯ ಹೊಗೆಯಲ್ಲೇ ಬೆಳೆದವನು ನಾನು. ನಮ್ಮಪ್ಪನನ್ನ ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳ್ತಿದ್ದರು: 100ರಿಂದ 120 ಕಿಲೊ, ಅದೂ ಕಬ್ಬು ಚೆನ್ನಾಗಿ ಬಲಿತಿದ್ದರೆ.

ಫೈಲ್ ವಾಪಸ್ ಬಂತು. ಆ ಒಂದು ತಪ್ಪಿನಿಂದ ನಮ್ಮ ಕೈತಪ್ಪಿದ್ದು ಸಂಕ್ರಾಂತಿಯ ವ್ಯಾಪಾರ. ಬೆಲ್ಲ ಮಾಡುವವರಿಗೆ ಸಂಕ್ರಾಂತಿ ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಗೆಳೆಯರೇ, ಈ ವಾರದ ಪಾಠ ಇದೇ. ಸಾಲಕ್ಕೆ, ಸಬ್ಸಿಡಿಗೆ, ರೈತ ಉತ್ಪಾದಕರ ಕಂಪನಿಯ ಸಭೆಗೆ, ದೊಡ್ಡ ಖರೀದಿದಾರರ ಮುಂದೆ ಇಡೋಕೆ ನಮಗೆಲ್ಲ ಈಗ ಪ್ರೆಸೆಂಟೇಶನ್ ಬೇಕಾಗ್ತಿದೆ. ಅದನ್ನು ಎಐ ಸಹಾಯದಿಂದ ಮಾಡೋದು ಹೇಗೆ? ಎಲ್ಲಿ ಅದನ್ನು ನಂಬಬೇಕು, ಎಲ್ಲಿ ನಂಬಬಾರದು? ನಾನು ಎಡವಿದ ಜಾಗವನ್ನೇ ತೋರಿಸಿ ಹೇಳ್ತೀನಿ.

ನಾನು ಮಾಡಿದ ತಪ್ಪು

ನಮ್ಮದು ಹಳೇ ಆಲೆಮನೆ. ಹೊಸ ಗಾಣ, ಸ್ಟೀಲ್ ಕೊಪ್ಪರಿಗೆ, ಅಚ್ಚು ಹಾಕೋಕೆ ಒಂದು ಶುಚಿಯಾದ ಕೋಣೆ, ಪ್ಯಾಕಿಂಗ್ ಯಂತ್ರ, ಇಷ್ಟಕ್ಕೆ 10 ಲಕ್ಷ ರೂಪಾಯಿ ಬೇಕಿತ್ತು. ಕೈಯಿಂದ 2 ಲಕ್ಷ, ಬ್ಯಾಂಕಿನಿಂದ 8 ಲಕ್ಷ ಅಂತ ಯೋಚನೆ.

ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದು ಎಐಗೆ ಹೀಗೆ ಹೇಳಿದೆ: "ಬೆಲ್ಲ ತಯಾರಿಕೆ ಘಟಕಕ್ಕೆ ಬ್ಯಾಂಕ್ ಸಾಲಕ್ಕೆ ಪ್ರೆಸೆಂಟೇಶನ್ ಮಾಡಿಕೊಡು. ಲಾಭ ಚೆನ್ನಾಗಿ ಕಾಣಬೇಕು."

ನೋಡಿ, ಇದರಲ್ಲಿ ನನ್ನ ಆಲೆಮನೆಯ ಒಂದು ಅಂಕಿಯೂ ಇಲ್ಲ. ದಿನಕ್ಕೆ ಎಷ್ಟು ಕಬ್ಬು ಅರೀತೀವಿ, ಎಷ್ಟು ಆಳು, ಎಷ್ಟು ಬೆಲೆ, ಏನೂ ಹೇಳಿಲ್ಲ. ಮೇಲಿಂದ "ಲಾಭ ಚೆನ್ನಾಗಿ ಕಾಣಬೇಕು" ಅಂತ ನಾನೇ ಹೇಳಿದ್ದೀನಿ. ಅದು ಹೇಳಿದ ಹಾಗೇ ಮಾಡಿತು. ಎರಡು ನಿಮಿಷದಲ್ಲಿ 16 ಸ್ಲೈಡ್ ಬಂತು. ಚಿತ್ರದಲ್ಲಿದ್ದ ಬೆಲ್ಲ ಚಾಕೊಲೇಟ್ ಥರ ಹೊಳೀತಿತ್ತು. ನನ್ನ ತಮ್ಮ ನೋಡಿ, "ಅಣ್ಣ, ಸಾಲ ಆಗೋಯ್ತು ಬಿಡು" ಅಂದ.

ಎಐ ಯಾಕೆ ಹೀಗೆ ಮಾಡುತ್ತೆ? ಚಾಟ್‌ಜಿಪಿಟಿ, ಜೆಮಿನಿ ಇಂಥವು ಲೆಕ್ಕ ಪುಸ್ತಕ ಇಟ್ಟುಕೊಂಡ ಗುಮಾಸ್ತ ಅಲ್ಲ. ಕೋಟ್ಯಂತರ ಪುಟ ಬರಹವನ್ನು ಓದಿ, ಒಂದು ಪದದ ಮುಂದೆ ಯಾವ ಪದ ಬರಬಹುದು ಅಂತ ಅಂದಾಜು ಮಾಡಿ ಬರೆಯುವ ವ್ಯವಸ್ಥೆ. ಭಾಷೆ ಚೆನ್ನಾಗಿರುತ್ತೆ, ಕ್ರಮ ಚೆನ್ನಾಗಿರುತ್ತೆ. ಆದರೆ ನೀವು ಅಂಕಿ ಕೊಡದೆ ಬಿಟ್ಟ ಜಾಗದಲ್ಲಿ, ಅಲ್ಲಿ ಇರಬಹುದು ಅನ್ನಿಸುವಂಥ ಒಂದು ಅಂಕಿಯನ್ನು ಅದೇ ತುಂಬಬಹುದು. ಸರಿ ಇದ್ದರೂ ತಪ್ಪಿದ್ದರೂ ಒಂದೇ ಧೈರ್ಯದಲ್ಲಿ ಬರೆಯುತ್ತೆ. ಅದಕ್ಕೆ ನಿಮ್ಮ ಗಾಣ ಗೊತ್ತಿಲ್ಲ, ನಿಮ್ಮ ಕಬ್ಬು ಗೊತ್ತಿಲ್ಲ.

ಒಂದು ಅಂಕಿಯ ಬೆಲೆ ಎಷ್ಟು?

ಬ್ಯಾಂಕಿನಿಂದ ಬಂದ ಮೇಲೆ ಅಪ್ಪನ ಜೊತೆ ಕೂತು ಹಳೇ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ನೀವೂ ಒಮ್ಮೆ ಕ್ಯಾಲ್ಕುಲೇಟರ್ ಹಿಡಿದು ನೋಡಿ.

ದಿನಕ್ಕೆ ಅರೆಯುವ ಕಬ್ಬು: 5 ಟನ್
ಕಡಿದು ತಂದು ಹಾಕಿದ ಕಬ್ಬಿನ ದರ: ಟನ್ನಿಗೆ ₹3,200, ಅಂದರೆ ದಿನಕ್ಕೆ ₹16,000
ಆಳು, ಕರೆಂಟು, ಸುಣ್ಣ, ಇತರೆ: ದಿನಕ್ಕೆ ₹6,000
ಒಟ್ಟು ಖರ್ಚು: ದಿನಕ್ಕೆ ₹22,000
ಬೆಲ್ಲದ ಬೆಲೆ: ಕಿಲೊಗೆ ₹45
ಕೆಲಸ ನಡೆಯುವ ದಿನ: ವರ್ಷಕ್ಕೆ 150

ಒಲೆಗೆ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಹಾಕ್ತೀವಿ, ಹಾಗಾಗಿ ಸೌದೆ ಖರ್ಚು ಬೇರೆ ಇಲ್ಲ.

ಎಐ ಹೇಳಿದ ಹಾಗೆ ಟನ್ನಿಗೆ 150 ಕಿಲೊ ಬಂದರೆ ದಿನಕ್ಕೆ 750 ಕಿಲೊ ಬೆಲ್ಲ, ₹33,750. ಖರ್ಚು ಕಳೆದು ₹11,750 ಉಳೀತು. 150 ದಿನಕ್ಕೆ ₹17,62,500.

ನಮ್ಮ ನಿಜವಾದ ಸರಾಸರಿ ಟನ್ನಿಗೆ 110 ಕಿಲೊ. ದಿನಕ್ಕೆ 550 ಕಿಲೊ, ₹24,750. ಉಳಿಯೋದು ₹2,750. 150 ದಿನಕ್ಕೆ ₹4,12,500.

ಎರಡರ ನಡುವೆ ವ್ಯತ್ಯಾಸ 13 ಲಕ್ಷದ 50 ಸಾವಿರ! ಅಂದರೆ ಎಐ ತೋರಿಸಿದ ಲಾಭದಲ್ಲಿ ಮುಕ್ಕಾಲು ಭಾಗ ಬರೀ ಆ ಒಂದು ಸುಳ್ಳು ಅಂಕಿಯಿಂದ ಬಂದಿತ್ತು.

ಇನ್ನೂ ಒಂದು ತಪ್ಪಿತ್ತು. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂಎಫ್ಎಂಇ ಯೋಜನೆ ನಿಮಗೆ ಗೊತ್ತಿರಬಹುದು. ಅರ್ಹ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲಕ್ಕೆ ಜೋಡಿಸಿದ ಸಹಾಯಧನ. ಕರ್ನಾಟಕದಲ್ಲಿ ರಾಜ್ಯ ಸರ್ಕಾರವೂ ಇದರ ಮೇಲೆ ತನ್ನ ಪಾಲು ಸೇರಿಸಿ ಕೊಟ್ಟಿದೆ. ಮಂಡ್ಯ ಜಿಲ್ಲೆಗೆ 'ಒಂದು ಜಿಲ್ಲೆ ಒಂದು ಉತ್ಪನ್ನ'ದಲ್ಲಿ ಬಂದಿರೋದು ಬೆಲ್ಲವೇ. ನಮ್ಮ 10 ಲಕ್ಷಕ್ಕೆ ಶೇ. 35 ಅಂದ್ರೆ 3.5 ಲಕ್ಷ. ಎಐ ಈ 3.5 ಲಕ್ಷವನ್ನು ಮೊದಲ ವರ್ಷದ 'ಆದಾಯ' ಅಂತ ಸೇರಿಸಿಬಿಟ್ಟಿತ್ತು. ಆದರೆ ಆ ಹಣ ನಮ್ಮ ಜೇಬಿಗೆ ಬರೋದಲ್ಲ. ಅದು ಬ್ಯಾಂಕಿನಲ್ಲಿ ನಮ್ಮ ಹೆಸರಿನ ಬೇರೆ ಖಾತೆಯಲ್ಲಿ ಇರುತ್ತೆ. ಸಾಲದ ಕೊನೆ ಕಂತು ಬಿಡುಗಡೆಯಾಗಿ 3 ವರ್ಷ ಆದ ಮೇಲೆ, ಘಟಕ ನಡೀತಿದ್ದು ಸಾಲದ ಖಾತೆ ಸರಿಯಾಗಿದ್ದರೆ, ಆಗ ಸಾಲಕ್ಕೆ ಹೊಂದಾಣಿಕೆ ಆಗುತ್ತೆ.

ಎರಡೂ ಸೇರಿ ನನ್ನ ಸ್ಲೈಡ್ ಹೇಳಿದ್ದು ಏನು ಗೊತ್ತಾ? 10 ಲಕ್ಷ ಹಾಕಿ, ಒಂದೇ ವರ್ಷದಲ್ಲಿ 21 ಲಕ್ಷ ಎತ್ತೋದು. ಇಂಥ ಕಾಗದ ತಂದವನಿಗೆ ಯಾವ ಬ್ಯಾಂಕಿನವರು ಸಾಲ ಕೊಡ್ತಾರೆ?

ಹೊಟ್ಟೆ ಉರಿಯುವ ವಿಷಯ ಇದು: ನಿಜವಾದ ಲೆಕ್ಕದಲ್ಲೂ ಸಾಲ ತೀರುತ್ತಿತ್ತು. 8 ಲಕ್ಷಕ್ಕೆ ಶೇ. 10 ಬಡ್ಡಿ, 5 ವರ್ಷ ಅಂದ್ರೆ ತಿಂಗಳ ಕಂತು ಸುಮಾರು ₹17,000, ವರ್ಷಕ್ಕೆ ₹2,04,000. ನಮಗೆ ಉಳಿಯೋದು ₹4,12,500. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

ಹಂತ 1: ಫೋನ್ ಮುಟ್ಟುವ ಮೊದಲು ನೋಟ್‌ಬುಕ್

ಎರಡನೇ ಸಲ ನಾನು ಎಐ ತೆರೆಯೋಕೆ ಮುಂಚೆ ಎರಡು ದಿನ ಬರೀ ಅಂಕಿ ಕೂಡಿಸಿದೆ. ಈ ಪಟ್ಟಿ ನಿಮ್ಮ ಕಸುಬು ಯಾವುದೇ ಆಗಿರಲಿ, ಡೇರಿ, ಕೋಳಿ, ಎಣ್ಣೆ ಗಾಣ, ನರ್ಸರಿ, ಸ್ವಲ್ಪ ಬದಲಿಸಿಕೊಂಡರೆ ಸಾಕು.

1. ಕಚ್ಚಾ ಮಾಲು ಎಷ್ಟು ಬೇಕು, ಎಲ್ಲಿಂದ ಬರುತ್ತೆ, ಎಷ್ಟು ದರ
2. ಅಷ್ಟು ಕಚ್ಚಾ ಮಾಲಿಗೆ ಎಷ್ಟು ಪದಾರ್ಥ ಬರುತ್ತೆ
3. ದಿನದ ಕೂಲಿ, ಕರೆಂಟು, ಸಾಗಣೆ
4. ವರ್ಷಕ್ಕೆ ಎಷ್ಟು ದಿನ ಕೆಲಸ
5. ಕಳೆದ ಮೂರು ವರ್ಷದಲ್ಲಿ ಸಿಕ್ಕ ಹೆಚ್ಚಿನ ಬೆಲೆ, ಕಡಿಮೆ ಬೆಲೆ
6. ಯಾರು ಕೊಳ್ತಾರೆ, ಎಷ್ಟು ಕೊಳ್ತಾರೆ
7. ಯಂತ್ರದ ಬೆಲೆ, ಕನಿಷ್ಠ ಎರಡು ಅಂಗಡಿಯ ಕೊಟೇಶನ್
8. ಕೈಯಲ್ಲಿರುವ ದುಡ್ಡು, ಬೇಕಾದ ಸಾಲ
9. ಈಗಿರುವ ಬೇರೆ ಸಾಲ
10. ಮನೆಗೆ ಬರುವ ಬೇರೆ ಆದಾಯ

ಮೊದಲನೇ ಸಾಲಿನಲ್ಲೇ ನಾನು ಬೆವೆತೆ. ದಿನಕ್ಕೆ 5 ಟನ್, 150 ದಿನ ಅಂದ್ರೆ 750 ಟನ್ ಕಬ್ಬು. ಎಕರೆಗೆ 45 ಟನ್ ಅಂತ ಹಿಡಿದರೂ ಸುಮಾರು 17 ಎಕರೆ ಕಬ್ಬು ಬೇಕು. ನಮ್ಮದು 4 ಎಕರೆ, ಅಂದರೆ 180 ಟನ್. ಉಳಿದ 570 ಟನ್ ಅಕ್ಕಪಕ್ಕದವರಿಂದ ಬರಬೇಕು. ಅವರಿಗೆ ಸಕ್ಕರೆ ಕಾರ್ಖಾನೆಯೂ ಇದೆ. ಕಾರ್ಖಾನೆ ಹೆಚ್ಚು ಕೊಟ್ಟರೆ ನಮಗೆ ಯಾಕೆ ಕೊಡ್ತಾರೆ? ಈ ಪ್ರಶ್ನೆಯನ್ನು ಎಐ ನನ್ನನ್ನು ಕೇಳಿರಲಿಲ್ಲ. ನೋಟ್‌ಬುಕ್ ಕೇಳಿತು.

ಅಪ್ಪ ಆರು ಮನೆಗೆ ಹೋಗಿ ಮಾತಾಡಿದರು. ಎಷ್ಟು ಎಕರೆ, ಯಾವ ತಿಂಗಳು ಕಟಾವು, ಅಂತ ಒಂದು ಹಾಳೆಯಲ್ಲಿ ಬರೆದು ಅವರ ಸಹಿ ಹಾಕಿಸಿಕೊಂಡು ಬಂದರು. ಆ ಹಾಳೆ ನಮ್ಮ 16 ಸ್ಲೈಡ್‌ಗಿಂತ ತೂಕದ್ದು ಅಂತ ಆಮೇಲೆ ಗೊತ್ತಾಯಿತು.

ಹಂತ 2: ಎಐಗೆ ಹೇಳುವ ರೀತಿ

ಹೊಸ ಆಳು ಬಂದರೆ ನಾವು "ತೋಟದ ಕೆಲಸ ಮಾಡು" ಅಂತ ಹೇಳಿ ಸುಮ್ಮನಾಗಲ್ಲ. ಯಾವ ಸಾಲು, ಎಷ್ಟು ಆಳ, ಎಷ್ಟು ನೀರು ಅಂತ ಹೇಳ್ತೀವಿ. ಎಐಗೂ ಅಷ್ಟೇ. ನಾಲ್ಕು ವಿಷಯ ಹೇಳಲೇಬೇಕು: ಯಾರಿಗೆ ತೋರಿಸೋದು, ಏನು ಕೇಳ್ತಿದ್ದೀವಿ, ನಮ್ಮ ಅಂಕಿ ಯಾವುವು, ಏನು ಮಾಡಬಾರದು.

ನಾನು ಎರಡನೇ ಸಲ ಬರೆದದ್ದು ಹೀಗಿತ್ತು. ನೀವು ಇದನ್ನೇ ನಕಲು ಮಾಡಿ ನಿಮ್ಮ ಅಂಕಿ ಹಾಕಿಕೊಳ್ಳಬಹುದು:

"ನಾನು ಮಂಡ್ಯ ಜಿಲ್ಲೆಯ ರೈತ. ನಮ್ಮ ಹಳೆಯ ಆಲೆಮನೆಯನ್ನು ಸುಧಾರಿಸಲು ಬ್ಯಾಂಕ್ ಮ್ಯಾನೇಜರ್ ಮುಂದೆ 10 ನಿಮಿಷದ ಪ್ರೆಸೆಂಟೇಶನ್ ಇಡಬೇಕು. ಒಟ್ಟು ವೆಚ್ಚ 10 ಲಕ್ಷ, ನನ್ನ ಪಾಲು 2 ಲಕ್ಷ, ಬೇಕಾದ ಸಾಲ 8 ಲಕ್ಷ. ನನ್ನ ಅಂಕಿಗಳು ಕೆಳಗಿವೆ. ಈ ಅಂಕಿಗಳನ್ನು ಮಾತ್ರ ಬಳಸು. ನಾನು ಕೊಡದ ಯಾವ ಅಂಕಿಯನ್ನೂ ನೀನಾಗಿ ಸೇರಿಸಬೇಡ. ಬೇಕಾದ ಅಂಕಿ ಇಲ್ಲದಿದ್ದರೆ ಆ ಜಾಗದಲ್ಲಿ 'ಅಂಕಿ ಬೇಕು' ಎಂದು ಬರೆ. 10 ಸ್ಲೈಡ್ ಸಾಕು. ಒಂದು ಸ್ಲೈಡಿಗೆ ನಾಲ್ಕು ಸಾಲಿಗಿಂತ ಹೆಚ್ಚು ಬೇಡ. ಸರಳ ಕನ್ನಡದಲ್ಲಿ ಬರೆ. ಶುರು ಮಾಡುವ ಮೊದಲು ನಿನಗೆ ಏನು ತಿಳಿಯಬೇಕೋ ಅದನ್ನು ನನ್ನನ್ನು ಕೇಳು."

ಕೊನೆಯ ಸಾಲು ತುಂಬಾ ಕೆಲಸಕ್ಕೆ ಬರುತ್ತೆ. ಅದು ನನ್ನನ್ನು ಒಂಬತ್ತು ಪ್ರಶ್ನೆ ಕೇಳಿತು. ಅದರಲ್ಲಿ ಮೂರಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ನೋಟ್‌ಬುಕ್‌ಗೆ ಹೋದೆ.

ಟೈಪ್ ಮಾಡೋಕೆ ಬೇಜಾರಾದರೆ ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ. ಜೆಮಿನಿ ಆ್ಯಪ್ 2024ರಿಂದ ಕನ್ನಡದಲ್ಲೂ ಸಿಗ್ತಿದೆ. ಚಾಟ್‌ಜಿಪಿಟಿಯೂ ಕನ್ನಡ ಓದಿ ಬರೆಯುತ್ತೆ. ಆದರೆ ಮಾತಿನಲ್ಲಿ ಹೇಳಿದ ಅಂಕಿ ಸರಿಯಾಗಿ ಬಿತ್ತಾ ಅಂತ ನೋಡಿಕೊಳ್ಳಿ. ನಾನು "ಹದಿನೈದು" ಅಂದದ್ದು ಒಮ್ಮೆ "ಐದು" ಆಗಿತ್ತು.

ಹಂತ 3: ಹತ್ತೇ ಸ್ಲೈಡ್

ಅಮೆರಿಕದ ಗೈ ಕವಾಸಾಕಿ ಅನ್ನುವ ಹೂಡಿಕೆದಾರರು ಒಂದು ಸುಲಭದ ಸೂತ್ರ ಹೇಳಿದ್ದಾರೆ: 10 ಸ್ಲೈಡ್, 20 ನಿಮಿಷ, ಅಕ್ಷರದ ಗಾತ್ರ 30 ಪಾಯಿಂಟ್‌ಗಿಂತ ಕಡಿಮೆ ಬೇಡ. ನಮಗೂ ಇದು ಒಪ್ಪುತ್ತೆ. ಬ್ಯಾಂಕಿನಲ್ಲಿ 20 ನಿಮಿಷ ಸಿಗೋದೂ ಕಷ್ಟ, 10 ನಿಮಿಷಕ್ಕೆ ತಯಾರಾಗಿ ಹೋಗಿ. ನನ್ನ ಹತ್ತು ಸ್ಲೈಡ್ ಇವು:

1. ನಾವು ಯಾರು, ಎಷ್ಟು ಸಾಲ ಬೇಕು. ಇದನ್ನು ಮೊದಲೇ ಹೇಳಿ, ಕೊನೆಗೆ ಇಡಬೇಡಿ.
2. ಈಗಿನ ಆಲೆಮನೆ. ನಮ್ಮದೇ ಫೋಟೊ.
3. ಹೊಸದಾಗಿ ಏನು ಮಾಡ್ತೀವಿ, ಅದರಿಂದ ಏನು ಬದಲಾಗುತ್ತೆ.
4. ಕಬ್ಬು ಎಲ್ಲಿಂದ. ಸಹಿ ಹಾಕಿದ ಹಾಳೆಯ ಫೋಟೊ.
5. ಒಂದು ದಿನದ ಲೆಕ್ಕ.
6. ಯಾರು ಕೊಳ್ತಾರೆ.
7. ಯಂತ್ರ, ಕಟ್ಟಡದ ಖರ್ಚು, ಕೊಟೇಶನ್ ಸಮೇತ.
8. ದುಡ್ಡು ಎಲ್ಲಿಂದ: ಸ್ವಂತ 2 ಲಕ್ಷ, ಸಾಲ 8 ಲಕ್ಷ. ಸಹಾಯಧನ ಬೇರೆ ಸಾಲಿನಲ್ಲಿ, ಆದಾಯದಲ್ಲಿ ಅಲ್ಲ.
9. ಕಂತು ಹೇಗೆ ಕಟ್ಟುತ್ತೀವಿ. ಬೆಲೆ ಇಳಿದರೆ ಏನು ಮಾಡ್ತೀವಿ.
10. ದಾಖಲೆಗಳ ಪಟ್ಟಿ.

ಸ್ಲೈಡ್ ಮಾಡೋಕೆ ಕ್ಯಾನ್ವಾ, ಗಾಮಾ, ಗೂಗಲ್ ಸ್ಲೈಡ್ಸ್, ಪವರ್‌ಪಾಯಿಂಟ್ ಯಾವುದಾದರೂ ಆಗುತ್ತೆ. ನಾನು ಮಾಡಿದ ರೀತಿ: ಮೊದಲು ಎಐನಿಂದ ಬರೀ ಬರಹ ತೆಗೆದುಕೊಂಡೆ. ಓದಿ, ತಿದ್ದಿ, ಅಪ್ಪನಿಗೂ ಓದಿ ಹೇಳಿದೆ. ಸರಿ ಆದ ಮೇಲೇ ಕ್ಯಾನ್ವಾದಲ್ಲಿ ಸ್ಲೈಡಿಗೆ ಹಾಕಿದೆ. ಚೆಂದ ಮೊದಲು ಬಂದರೆ ತಪ್ಪು ಕಣ್ಣಿಗೆ ಬೀಳಲ್ಲ, ಇದು ನನ್ನ ಅನುಭವ.

ಚಿತ್ರಕ್ಕೆ ಎಐ ಬೇಡ. ನಿಮ್ಮ ಫೋನಿನಲ್ಲಿ ತೆಗೆದ ಫೋಟೊ ಹಾಕಿ. ಗೋಡೆಗೆ ಮಸಿ ಹಿಡಿದಿದ್ದರೂ ಪರವಾಗಿಲ್ಲ. ಸಾಲ ಕೇಳ್ತಿರೋದೇ ಆ ಮಸಿ ಹೋಗಲಾಡಿಸೋಕೆ ತಾನೆ?

ಹಂತ 4: ಕೆಂಪು ಪೆನ್ನಿನ ಪರೀಕ್ಷೆ

ಸ್ಲೈಡ್ ಆದ ಮೇಲೆ ಒಂದು ಪ್ರಿಂಟ್ ತೆಗೆಸಿ. ಕೆಂಪು ಪೆನ್ನು ಹಿಡಿದು ಪ್ರತಿ ಅಂಕಿಗೂ ಸುತ್ತು ಹಾಕಿ. ಪ್ರತಿಯೊಂದರ ಪಕ್ಕ ಈ ಮೂರರಲ್ಲಿ ಒಂದನ್ನು ಬರೆಯಿರಿ: "ನಮ್ಮ ನೋಟ್‌ಬುಕ್", "ಕಾಗದ ಇದೆ", "ಯಾರೋ ಹೇಳಿದ್ದು". ಮೂರನೆಯದು ಎಲ್ಲೆಲ್ಲಿ ಬಂತೋ ಅದನ್ನು ವಿಚಾರಿಸಿ ಸರಿ ಮಾಡಿ, ಇಲ್ಲವಾದರೆ ತೆಗೆದುಹಾಕಿ.

ಕೂಡೋ ಕಳೆಯೋ ಲೆಕ್ಕವನ್ನೂ ಎಐಗೆ ಬಿಟ್ಟು ಸುಮ್ಮನಾಗಬೇಡಿ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಮತ್ತೊಮ್ಮೆ ಮಾಡಿ.

ಸರ್ಕಾರದ ದರ, ಯೋಜನೆಯ ನಿಯಮ ಇವು ವರ್ಷವರ್ಷಕ್ಕೆ ಬದಲಾಗ್ತವೆ. ಕಬ್ಬಿನ ಎಫ್‌ಆರ್‌ಪಿಯನ್ನೇ ನೋಡಿ: 2023-24ರಲ್ಲಿ ಕ್ವಿಂಟಲಿಗೆ ₹315, 2024-25ರಲ್ಲಿ ₹340, 2025-26ರಲ್ಲಿ ₹355. ಇದೂ ಶೇ. 10.25 ಸಕ್ಕರೆ ಇಳುವರಿಗೆ ಹೇಳಿದ ದರ, ಇಳುವರಿ ಕಡಿಮೆ ಇದ್ದರೆ ದರವೂ ಕಡಿಮೆ. ಎಐ ಎಷ್ಟೋ ಸಲ ಹಳೇ ದರವನ್ನೇ ಹೊಸದು ಅನ್ನುವ ಹಾಗೆ ಹೇಳಿಬಿಡುತ್ತೆ. ಯೋಜನೆ ವಿಷಯಕ್ಕೆ ಯೋಜನೆಯ ಜಿಲ್ಲಾ ಸಂಪನ್ಮೂಲ ವ್ಯಕ್ತಿಯನ್ನೋ ಕೃಷಿ ಇಲಾಖೆಯವರನ್ನೋ ಕೇಳಿ. ತಾಂತ್ರಿಕ ವಿಷಯಕ್ಕೆ ಕೃಷಿ ವಿಜ್ಞಾನ ಕೇಂದ್ರ ಇದೆ. ಮಂಡ್ಯದವರಿಗೆ ವಿ.ಸಿ. ಫಾರಂ ಹತ್ತಿರದಲ್ಲೇ ಇದೆ.

ಹಂತ 5: ಕೆಟ್ಟ ವರ್ಷದ ಲೆಕ್ಕ ತೋರಿಸಿ

ಬಹಳ ಜನ ಇದನ್ನು ಮುಚ್ಚಿಡ್ತಾರೆ. ಮುಚ್ಚಿಡಬೇಡಿ.

ನಮ್ಮ ಲೆಕ್ಕದಲ್ಲಿ ಬೆಲ್ಲದ ಬೆಲೆ ₹45ರಿಂದ ₹40ಕ್ಕೆ ಇಳಿದರೆ ಏನಾಗುತ್ತೆ? 550 ಕಿಲೊಗೆ ₹22,000. ಖರ್ಚೂ ₹22,000. ಉಳಿಯೋದು ಸೊನ್ನೆ. ಬೆಲೆ ₹45 ಇದ್ದು ಇಳುವರಿ 100 ಕಿಲೊಗೆ ಇಳಿದರೆ ದಿನಕ್ಕೆ ₹500 ಮಾತ್ರ, ವರ್ಷಕ್ಕೆ ₹75,000. ಕಂತು ಮಾತ್ರ ಎರಡೂ ಸಲ ₹2,04,000 ಕಟ್ಟಲೇಬೇಕು.

ಇದನ್ನು ಮೊದಲ ಸಲ ನೋಡಿದಾಗ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಸಾಲ ತಗೊಂಡ ಮೇಲೆ ನಿದ್ದೆ ಹೋಗೋದಕ್ಕಿಂತ ಮುಂಚೆ ಹೋಗೋದು ವಾಸಿ ಅಲ್ವಾ?

ಇಲ್ಲಿ ಎಐ ನಿಜವಾಗಿ ಸಹಾಯ ಮಾಡಿತು. ನಾನು ಕೇಳಿದ್ದು: "ನೀನು ಕಟ್ಟುನಿಟ್ಟಿನ ಬ್ಯಾಂಕ್ ಮ್ಯಾನೇಜರ್. ಈ ಸ್ಲೈಡ್‌ಗಳನ್ನು ಓದಿ ನನಗೆ ಹತ್ತು ಕಷ್ಟದ ಪ್ರಶ್ನೆ ಕೇಳು. ಒಂದೊಂದಾಗಿ ಕೇಳು. ನನ್ನ ಉತ್ತರದಲ್ಲಿ ಹುಳುಕಿದ್ದರೆ ಹೇಳು, ಹೊಗಳಬೇಡ."

ಮೂರನೇ ಪ್ರಶ್ನೆಯೇ "ಬೆಲೆ ಕುಸಿದರೆ ಕಂತು ಹೇಗೆ ಕಟ್ಟುತ್ತೀರಿ?" ಅಂತ ಬಂತು. ನಾನು ಮೊದಲು "ದಿನಾ 150 ಕಿಲೊ ಸಣ್ಣ ಪ್ಯಾಕೆಟ್ ಮಾಡಿ ಹೆಚ್ಚಿನ ಬೆಲೆಗೆ ಮಾರ್ತೀವಿ" ಅಂದೆ. "ದಿನಾ 150 ಕಿಲೊ ಕೊಳ್ಳುವವರು ಯಾರು, ಅವರ ಹೆಸರಿನ ಪಟ್ಟಿ ಇದೆಯಾ?" ಅಂತ ವಾಪಸ್ ಕೇಳಿತು. ಪಟ್ಟಿ ಇರಲಿಲ್ಲ. ಮೈಸೂರಿಗೆ ಹೋಗಿ ನಾಲ್ಕು ಅಂಗಡಿಯಲ್ಲಿ ಮಾತಾಡಿದೆ. ಸರಾಸರಿ ದಿನಕ್ಕೆ 60 ಕಿಲೊ ತಗೊಳ್ತೀವಿ ಅಂತ ಬರೆದು ಕೊಟ್ಟರು, ₹60ರ ಹಾಗೆ. ಬಿಳಿ ಮಾಡುವ ರಾಸಾಯನಿಕ ಹಾಕದ, ಬೆಂಡೆ ಗಿಡದ ಲೋಳೆಯಲ್ಲಿ ಕೊಳೆ ತೆಗೆದ ಕಂದು ಬೆಲ್ಲವೇ ಬೇಕು ಅಂತ ಷರತ್ತು. ಅದು ನಮ್ಮಪ್ಪನಿಗೆ ಗೊತ್ತಿರುವ ಕೆಲಸವೇ.

ಬೆಲೆ ₹40 ಆದಾಗ ಈ 60 ಕಿಲೊಗೆ ₹20 ಹೆಚ್ಚು, ಅಂದರೆ ದಿನಕ್ಕೆ ₹1,200. ಪ್ಯಾಕಿಂಗ್, ಸಾಗಣೆ ₹400 ಕಳೆದರೆ ₹800. 150 ದಿನಕ್ಕೆ ₹1,20,000. ಕಂತಿಗೆ ಇನ್ನೂ ₹84,000 ಕಡಿಮೆ. ಅದು ತಿಂಗಳಿಗೆ ₹7,000, ಹಾಲಿನ ದುಡ್ಡಿನಿಂದ ಕಟ್ಟುತ್ತೀವಿ ಅಂತ ಡೇರಿ ಪಾಸ್‌ಬುಕ್ ಜೊತೆ ಇಟ್ಟೆ. ಇದೇ ಒಂಬತ್ತನೇ ಸ್ಲೈಡ್ ಆಯಿತು.

ಕನ್ನಡ ಅಕ್ಷರದ ತೊಂದರೆ

ಮೂರು ಮಾತು ನೆನಪಿಡಿ.

ಒಂದು, ಎಐ ಮಾಡಿದ ಚಿತ್ರದೊಳಗೆ ಕನ್ನಡ ಬರೆಸಿದರೆ ಒತ್ತಕ್ಷರ ಎಷ್ಟೋ ಸಲ ಎಡವಟ್ಟಾಗುತ್ತೆ. ಬರಹವನ್ನು ಸ್ಲೈಡಿನಲ್ಲಿ ನೀವೇ ಟೈಪ್ ಮಾಡಿ.

ಎರಡು, ಸೈಬರ್ ಸೆಂಟರಿನಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಬರಹವನ್ನು ಎಐಗೆ ಹಾಕಿದರೆ ಅದು ಅರ್ಥವಿಲ್ಲದ ಅಕ್ಷರದ ರಾಶಿಯಾಗಿ ಕಾಣುತ್ತೆ. ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಫೋನಿನಲ್ಲಿ ನಾವು ಟೈಪ್ ಮಾಡೋದು ಯುನಿಕೋಡೇ, ಅದಕ್ಕೆ ತೊಂದರೆ ಇಲ್ಲ.

ಮೂರು, ಮುಗಿದ ಮೇಲೆ ಪಿಡಿಎಫ್ ಮಾಡಿ ಇನ್ನೊಬ್ಬರ ಫೋನಿಗೆ ಕಳಿಸಿ, ತೆರೆದು ನೋಡಿ. ಎರಡು ಪ್ರಿಂಟ್ ಜೊತೆಗಿರಲಿ. ಬ್ಯಾಂಕಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಿಲ್ಲಬಾರದು.

ಎಐಗೆ ಕೊಡಬಾರದ್ದು

ಆಧಾರ್ ಸಂಖ್ಯೆ, ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆ, ಒಟಿಪಿ, ಪಾಸ್‌ಬುಕ್ ಫೋಟೊ, ಪಹಣಿಯ ಪೂರ್ತಿ ಪ್ರತಿ, ಅಕ್ಕಪಕ್ಕದವರ ಹೆಸರು ಮತ್ತು ಫೋನ್ ನಂಬರ್, ಇವನ್ನು ಎಐ ಚಾಟ್‌ಗೆ ಹಾಕಬೇಡಿ. ಸ್ಲೈಡ್ ಬರೆಯೋಕೆ ಅದಕ್ಕೆ ಇವು ಬೇಕಾಗೇ ಇಲ್ಲ. "4 ಎಕರೆ ನೀರಾವರಿ ಜಮೀನು" ಅಂದರೆ ಸಾಕು, ಸರ್ವೆ ನಂಬರ್ ಯಾಕೆ? ದಾಖಲೆಗಳನ್ನು ನೇರವಾಗಿ ಬ್ಯಾಂಕಿಗೇ ಕೊಡಿ.

ಎರಡನೇ ಸಲ ಏನಾಯಿತು

ಮೊದಲ ಸಲ ಹೋಗಿದ್ದು ಆಷಾಢದಲ್ಲಿ. ಎರಡನೇ ಸಲ ಹೋಗುವಷ್ಟರಲ್ಲಿ ದಸರಾ ಮುಗಿದಿತ್ತು. ಈ ಸಲ ಅಪ್ಪನನ್ನೂ ಕರೆದುಕೊಂಡು ಹೋದೆ. ಮ್ಯಾನೇಜರ್ ಐದನೇ ಸ್ಲೈಡ್ ನೋಡಿ, "110 ಕಿಲೊ. ಈಗ ಸರಿ" ಅಂದರು. ನಾಲ್ಕನೇ ಸ್ಲೈಡಿನ ಸಹಿ ಹಾಳೆಯ ಮೂಲ ಪ್ರತಿ ಕೇಳಿ ತೆಗೆದು ನೋಡಿದರು. ಒಂಬತ್ತನೆಯದರ ಮೇಲೆ ಸುಮಾರು ಹೊತ್ತು ಬೆರಳಿಟ್ಟುಕೊಂಡು ಓದಿದರು.

ಆಮೇಲೆ ಪ್ರಶ್ನೆ ಕೇಳಿದ್ದು ನನ್ನನ್ನಲ್ಲ, ಅಪ್ಪನನ್ನು. "ಯಜಮಾನ್ರೇ, ಕಬ್ಬು ಬಲಿಯದೆ ಕಡಿದರೆ ಎಷ್ಟು ಬರುತ್ತೆ?"

"ನೂರಕ್ಕೂ ಕಮ್ಮಿ ಬತ್ತದೆ ಸಾಮಿ. ಅದ್ಕೇ ನಾನೇ ಹೋಗಿ ಗದ್ದೆ ನೋಡಿ ಕಡಿಸ್ತೀನಿ" ಅಂದರು ಅಪ್ಪ.

ಸಾಲ ಮಂಜೂರಾಯಿತು. ಆದರೆ ಹಣ ಬಂದು, ಗಾಣ ಕೂರಿಸಿ, ಕೆಲಸ ಶುರುವಾಗುವಾಗ ಸಂಕ್ರಾಂತಿ ದಾಟಿ ತಿಂಗಳಾಗಿತ್ತು. ಊರಿನ ಉಳಿದ ಆಲೆಮನೆಗಳಿಂದ ಅಚ್ಚು ಬೆಲ್ಲದ ಗಾಡಿಗಳು ಹೊರಡುವಾಗ ನಾವು ಗಾರೆ ಕೆಲಸದಲ್ಲಿದ್ದೆವು. ಎರಡು ನಿಮಿಷದಲ್ಲಿ ಮಾಡಿದ ಪ್ರೆಸೆಂಟೇಶನ್ನಿಗೆ ನಾನು ತೆತ್ತ ಬೆಲೆ ಅದು.

ಎಐ ಬಳಸಬೇಡಿ ಅಂತ ನಾನು ಹೇಳ್ತಿಲ್ಲ. ಈಗಲೂ ಬಳಸ್ತೀನಿ. ಚದುರಿದ ಮಾತನ್ನು ಅದು ಕ್ರಮಕ್ಕೆ ತರುತ್ತೆ, ಬರೆಯೋಕೆ ಹಿಂಜರಿಯುವವರಿಗೆ ಧೈರ್ಯ ಕೊಡುತ್ತೆ, ಕೇಳಿದರೆ ಕಷ್ಟದ ಪ್ರಶ್ನೆಯನ್ನೂ ಕೇಳುತ್ತೆ. ಆದರೆ ಮ್ಯಾನೇಜರ್ ಎದುರು ಕೂತಾಗ ಉತ್ತರ ಕೊಡಬೇಕಾದವರು ನಾವು, ಕಂತು ಕಟ್ಟಬೇಕಾದವರೂ ನಾವೇ.

ಈ ವಾರ ನೀವು ಮಾಡಬೇಕಾದ ಕೆಲಸ: ನಿಮ್ಮ ಕಸುಬಿನ ಆ ಹತ್ತು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಗೊತ್ತಿಲ್ಲದ್ದನ್ನು ಎಐಗೆ ಕೇಳುವ ಮೊದಲು ಮನೆಯ ಹಿರಿಯರನ್ನು ಕೇಳಿ. ಸಾಲ ಈಗಲೇ ಬೇಕಿಲ್ಲದಿದ್ದರೂ ಬರೆದಿಡಿ. ಬೇಕಾದ ದಿನ ಹುಡುಕೋಕೆ ಹೊತ್ತು ಇರಲ್ಲ.